ಸಿಗಡಿ ಅಂತ ತಂದದ್ದು

ಜೂನ್ 3, ಸಂಜೆ

ಅಕ್ವೇರಿಯಂ ನೀರು ಕಾಲುಭಾಗ ಬದಲಾಯಿಸಿದೆ. ಉಪ್ಪಿನ ಹದ ಸರಿಯಿದೆ. ಜೋಡಿ ಕ್ಲೌನ್ ಮೀನುಗಳು ಎಂದಿನಂತೆ ಗಾಜಿಗೆ ಮೂಗು ಒತ್ತಿ ಊಟ ಕೇಳುತ್ತಿವೆ. ನನ್ನ ಹೆಂಡತಿ ಮಾಡಿಟ್ಟ ಮುದ್ದು. ಅವಳು ತೀರಿಕೊಂಡು ಎರಡು ವರ್ಷವಾಯಿತು, ಇವುಗಳ ಜಂಬ ಮಾತ್ರ ಇಳಿದಿಲ್ಲ.

ಮೀನಿನ ಅಂಗಡಿಯವನು ಕೊಟ್ಟ ಹೊಸ ಸಿಗಡಿಯನ್ನು ಬಿಟ್ಟೆ. ಬೆರಳಿನ ಎರಡು ಗೆಣ್ಣಿನಷ್ಟಿದೆ. ಕಡುನೀಲಿ ಮೈ. ಮೀಸೆ ಮಾತ್ರ ಸುಣ್ಣ ಬಳಿದಂತೆ ಬಿಳಿ, ಮೈಗಿಂತ ಉದ್ದ. ಹಿಮ್ಮುಖವಾಗಿ ಚಿಮ್ಮಿ ಕಲ್ಲಿನ ಸಂದಿ ಸೇರಿಕೊಂಡಿತು.

ಅತ್ತೆ ಊಟದ ಮೇಜಿನಿಂದಲೇ, "ಅಳಿಯಂದ್ರೇ, ಏನದು ತಂದಿದ್ದು? ಹೆಣಿಗೆ ಕಡ್ಡಿ ಸಿಕ್ಕಿಸಿದ ಹಾಗಿದೆ."

"ಸಿಗಡಿ ಅತ್ತೆ. ಮೀನುಗಳ ಮೈ ಕ್ಲೀನ್ ಮಾಡುತ್ತಂತೆ."

"ಓ, ನಿಮ್ಮ ಕಸುಬಿನೋರು ಅನ್ನಿ."

ಸೆಲೂನ್ ಇಟ್ಟವನಿಗೆ ಇದು ಬೇಕಿತ್ತು!

ಜೂನ್ 5

ಯಾರ ಮೈಯನ್ನೂ ಅದು ಕ್ಲೀನ್ ಮಾಡುತ್ತಿಲ್ಲ. ಹಗಲಿಡೀ ಸಂದಿಯಲ್ಲೇ ವಾಸ.

ಅತ್ತೆಗೆ ಕಣ್ಣಿನ ಆಪರೇಷನ್ ಆದಮೇಲೆ ಇಲ್ಲದ್ದೆಲ್ಲ ಕಾಣುತ್ತದೆ. "ಸಿಗಡಿಗೆ ಪುಟ್ಟ ಇಕ್ಕಳ ಇರ್ಬೇಕಲ್ಲ? ಇದಕ್ಕೆ ಎಲ್ಲಾ ಕಾಲೂ ಸೂಜಿ. ಕಣ್ಣಿನ ಮೇಲೆ ಕೊಂಬು ಬೇರೆ!" ನೋಡಿದೆ. ಹೌದು. ಮೀಸೆಯ ಬುಡ ದಪ್ಪ, ತುಂಬ ಮುಳ್ಳು.

ಅಂಗಡಿಯವನಿಗೆ ಫೋನ್ ಮಾಡಿದರೆ, "ಸಾರ್, ಬಿಳಿ ಮೀಸೆ ಇದ್ರೆ ಸಿಗಡೀನೇ." ಅಕ್ವೇರಿಯಂ ಗ್ರೂಪಿಗೆ ಫೋಟೋ ಹಾಕಿದೆ. ಮುಳ್ಳು ಲಾಬ್‌ಸ್ಟರ್ ಮರಿ, ಅಂದರು ಕೆಲವರು. ಬೆರಳುದ್ದಕ್ಕೇ ನಿಲ್ಲುವ ಜಾತಿ ಅಂತ ಒಬ್ಬ, ದೊಡ್ಡದಾಗಿ ಮೀನೆಲ್ಲ ನುಂಗುತ್ತೆ ಅಂತ ಇನ್ನೊಬ್ಬ. ಇಂಥ ಬಣ್ಣ ಕಂಡೇ ಇಲ್ಲ, ನನಗೇ ಕೊಡಿ ಅಂತ ಮತ್ತೊಬ್ಬ.

ಮೀನು ನುಂಗುವ ಮಾತು ಅತ್ತೆಯ ಕಿವಿಗೂ ಬಿತ್ತು. "ಅವಳ ಮೀನಿಗೇನಾದ್ರೂ ಆದ್ರೆ ನಾನು ಸುಮ್ನಿರಲ್ಲ," ಅಂದರು. ಅಂದವರೇ ಅದಕ್ಕೂ ಒಂದು ಚೂರು ಊಟ ಹಾಕಿದರು.

ಜೂನ್ 9

ಭಾವಮೈದುನನ ಫೋನ್. ತಿಂಗಳು ಮುಗಿದ ಮೇಲೆ ಅಮ್ಮನನ್ನು ಕರೆದುಕೊಂಡು ಹೋಗುತ್ತಾನಂತೆ. "ಮಗ ನಾನಿರುವಾಗ ಅಮ್ಮ ಅಳಿಯನ ಮನೇಲಿ ಎಷ್ಟು ದಿನ ಅಂತ ಇರೋದು ಭಾವ?" ಒಳ್ಳೆಯವನು. ತಪ್ಪೇನೂ ಹೇಳಲಿಲ್ಲ.

ಅತ್ತೆ "ನೋಡೋಣ" ಅಂದರು. ಹೋಗಿ ಅಕ್ವೇರಿಯಂ ಮುಂದೆ ಕೂತರು. ನಾನೂ ಪಕ್ಕ ಹೋಗಿ ಮೀನಿಗೆ ಊಟ ಹಾಕಿದೆ. ಅವಳಿದ್ದಾಗ ನಮ್ಮಿಬ್ಬರ ಮಾತೆಲ್ಲ ಅವಳ ಮೂಲಕ. ಈಗ ಮೀನಿನ ಮೂಲಕ.

ಜೂನ್ 17

ಇವತ್ತಿನದನ್ನು ಬರೆಯಲೇಬೇಕು.

ಮಧ್ಯಾಹ್ನ, ಕೈಯಲ್ಲಿ ಕತ್ತರಿ. ಕುರ್ಚಿಯಲ್ಲಿ ಬ್ಯಾಂಕ್ ಮ್ಯಾನೇಜರು. ಅತ್ತೆಯ ಫೋನ್ — "ಬೇಗ ಬಾರೋ! ಹೋಗ್ಬಿಡ್ತು ಕಣೋ ನಮ್ ಮರಿ! ಬೆನ್ನೊಡೆದು ಬಿದ್ದಿದೆ!"

ನನ್ನ ಮುಖ ನೋಡಿ ಮ್ಯಾನೇಜರೇ, "ಮನೇಲೇನೋ ಅನಾಹುತ, ಮೊದ್ಲು ಹೋಗಪ್ಪ," ಅಂದರು. ಅರ್ಧ ತಲೆಯಷ್ಟೇ ಕತ್ತರಿಸಿ ಆಗಿತ್ತು. ಏನು ಅನಾಹುತ ಅಂತ ನಾನು ಹೇಳಲಿಲ್ಲ.

ಮನೆಗೆ ಓಡಿದೆ. ಮರಳಿನ ಮೇಲೆ ಬಿದ್ದಿತ್ತು, ಕಾಲು ಮಡಚಿ. ಅತ್ತೆಯ ಕಣ್ಣಲ್ಲಿ ನೀರು. ಉದ್ದ ಬಾಚಣಿಗೆಯಿಂದ ಮೇಲೆತ್ತಿದೆ — ಹಗುರ. ಒಳಗೆ ಏನೂ ಇಲ್ಲ. ಹಾವಿನ ಪೊರೆಯಂತೆ ಕಳಚಿಟ್ಟ ಬರೀ ಚಿಪ್ಪು, ಕಣ್ಣಿನ ಗುಬುಟು ಸಮೇತ! ಅಷ್ಟರಲ್ಲಿ ಫಿಲ್ಟರ್ ಹಿಂದಿನಿಂದ ಎರಡು ಬಿಳಿ ಮೀಸೆ ಹೊರಬಂದವು. ಮೊದಲಿಗಿಂತ ಉದ್ದ. ಅತ್ತೆ ನಗುತ್ತಾ ಅಳುತ್ತಾ ನನ್ನ ಬೆನ್ನಿಗೆ ಗುದ್ದಿದರು.

ಮ್ಯಾನೇಜರು ಪೇಪರ್ ಪೂರ್ತಿ ಓದಿ ಮುಗಿಸಿ ಕಾದಿದ್ದರು ಪಾಪ.

ಈಗ ಬರೆಯುವಾಗ ಹೊಳೆಯಿತು. ಮದುವೆಯಾದಾಗಿನಿಂದ "ಬನ್ನಿ, ಕೂತ್ಕೊಳಿ". ಇವತ್ತು "ಬಾರೋ". ಅವರಿಗೇ ಗೊತ್ತಾಗಿಲ್ಲ. ನಾನು ತಿದ್ದಲು ಹೋಗಲಿಲ್ಲ.

ಜೂನ್ 20

ಚಿಪ್ಪನ್ನು ಹತ್ತಿಯಲ್ಲಿ ಸುತ್ತಿ ಮೀನುಗಾರಿಕೆ ಲ್ಯಾಬಿಗೆ ಹೋದೆವು. ಅತ್ತೆ ಹೊಸ ಸೀರೆ ಉಟ್ಟು ಬಂದರು, ವಧು ನೋಡಲು ಹೊರಟಂತೆ.

ಲ್ಯಾಬಿನ ಮೇಡಂ ಮೈಕ್ರೋಸ್ಕೋಪಿನಿಂದ ತಲೆಯೆತ್ತಲೇ ಇಲ್ಲ ಬಹಳ ಹೊತ್ತು. ಕಣ್ಣುಗಳ ಮುಂದೆ ನಾಲ್ಕು ಮುಳ್ಳು, ಮೀಸೆಯ ಬುಡದಲ್ಲಿ ಗುಲಾಬಿ ಬಣ್ಣ, ಕಾಲುದ್ದಕ್ಕೂ ಬಿಳಿ ಗೆರೆ. "ಪೇಂಟೆಡ್ ಸ್ಪೈನಿ ಲಾಬ್‌ಸ್ಟರ್. ಮರಿ ಹೀಗೇ ಇರುತ್ತೆ. ಬೆಳೀತಾ ಹಸಿರು, ನೀಲಿ, ಬಿಳಿ ಪಟ್ಟೆ ಬರುತ್ತೆ. ತುಂಬ ಚೆಂದ."

"ಎಷ್ಟು ದೊಡ್ಡದಾಗುತ್ತೆ?"

ಮೇಡಂ ಮೊಣಕೈಯಿಂದ ಬೆರಳ ತುದಿವರೆಗೆ ತೋರಿಸಿದರು. ನಾನು ಮನಸ್ಸಿನಲ್ಲೇ ನಮ್ಮ ಅಕ್ವೇರಿಯಂ ಅಳೆದೆ.

"ಮೀನು?" ಅತ್ತೆ ಕೇಳಿದರು.

"ಸಿಕ್ಕಿದ್ರೆ ಬಿಡಲ್ಲ. ಇದಕ್ಕೆ ಬೇರೆ ದೊಡ್ಡ ಟ್ಯಾಂಕೇ ಬೇಕು, ಬಹಳ ವರ್ಷ ಬದುಕೋ ಜೀವ. ಕಷ್ಟ ಆದ್ರೆ ನಮಗೆ ಕೊಡಿ, ಚೆನ್ನಾಗಿ ನೋಡ್ಕೋತೀವಿ."

ಕೊಡುವುದೇ ಸರಿ ಅನ್ನಬೇಕೆಂದು ಬಾಯಿ ತೆರೆದೆ. ಅತ್ತೆ ಮೊದಲೇ, "ಬೇಡಮ್ಮ. ಇನ್ನೂ ಕೂಸು ಅದು," ಅಂದರು.

ಬಸ್ಸಿನಲ್ಲಿ ಅತ್ತೆ ತಮ್ಮ ತೋಳನ್ನೇ ಮೊಳ ಹಾಕಿ ಹಾಕಿ ನೋಡಿಕೊಳ್ಳುತ್ತಿದ್ದರು.

ಜೂನ್ 28

ಭಾವಮೈದುನ ಮತ್ತೆ ಫೋನ್ ಮಾಡಿದ. ನಾನು ಹಾಲು ಕಾಯಿಸುತ್ತಿದ್ದೆ. ಅತ್ತೆಯ ಮಾತಷ್ಟೇ ಕೇಳಿಸಿತು.

"ಈಗಾಗಲ್ಲ ಕಣೋ. ಇಲ್ಲಿ ಮರಿ ಬೆಳೀತಾ ಇದೆ... ಎಷ್ಟು ದಿನ ಅಂದ್ರೆ? ಮೊಳದುದ್ದ ಆಗೋವರೆಗೆ... ಯಾರನ್ನ ನಂಬಿ ಬಿಟ್ಟು ಬರ್ಲಿ? ಇವನನ್ನಾ? ಸಿಗಡಿ ಯಾವ್ದು ಲಾಬ್‌ಸ್ಟರ್ ಯಾವ್ದು ಗೊತ್ತಾಗಲ್ಲ ಇವನಿಗೆ!"

ಹಾಲು ಉಕ್ಕಿಹೋಯಿತು. ಒಲೆ ಒರೆಸುತ್ತಾ ಒಬ್ಬನೇ ನಕ್ಕೆ.

ಜುಲೈ 26, ಬೆಳಿಗ್ಗೆ

ನಿನ್ನೆ ಮರಿಯನ್ನು ಹೊಸ ಟ್ಯಾಂಕಿಗೆ ಬಿಟ್ಟೆವು. ಅತ್ತೆಯ ಕೋಣೆಯಲ್ಲೇ, ಮಂಚದ ಪಕ್ಕ. ಟ್ಯಾಂಕಿಗೆ ಸ್ಟ್ಯಾಂಡ್ ಮಾಡಿದ ಬಡಗಿ ಎಷ್ಟು ಹೇಳಿದರೂ ನಡುಮನೆಯಲ್ಲಿಡಲು ಒಪ್ಪಲಿಲ್ಲ.

ಈಗ ಹೊಸ ಹಠ. ಹೆಸರಿಡಬೇಕಂತೆ, ಅದಕ್ಕೆ ಮೊದಲು ಗಂಡೋ ಹೆಣ್ಣೋ ತಿಳಿಯಬೇಕಂತೆ. ಲ್ಯಾಬಿನ ಮೇಡಂಗೆ ಅವರೇ ಫೋನ್ ಮಾಡಿ ಕೇಳಿದ್ದಾರೆ. ದೊಡ್ಡದಾದ ಮೇಲೆ ಕೊನೆಯ ಕಾಲಿನ ತುದಿ ನೋಡಿ, ಹೆಣ್ಣಾದರೆ ಅಲ್ಲೊಂದು ಪುಟ್ಟ ಚಿಮಟ ಇರುತ್ತದೆ ಅಂದರಂತೆ. ದೊಡ್ಡದಾಗುವವರೆಗೆ ಕಾಯುವವರು ಯಾರು? ಎದ್ದಾಗಿನಿಂದ ಗಾಜಿಗೆ ಹಣೆ ಒತ್ತಿ ಕೂತಿದ್ದಾರೆ. ಸೆಲೂನ್ ತೆಗೆಯಲು ಹೊತ್ತಾಯಿತು, ನನ್ನನ್ನೂ ಬಿಡುತ್ತಿಲ್ಲ. ಅಗೋ, ಕಲ್ಲು ಹತ್ತುತ್ತಿದೆಯಂತೆ. ಹಿಂಗಾಲು ಎತ್ತಿದೆಯಂತೆ. ಒಂದು ನಿಮಿಷ, ನೋಡಿ ಬ—