ಕಾಲುಚೀಲದೊಳಗಿನ ಎರಡು ಚೀಟಿ

ಕ್ರೀಡಾಗ್ರಾಮ, ಮೂರನೇ ಮಹಡಿ
ಗುರುವಾರ ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಈ ಸಲವಾದರೂ ನಿಜ ಹೇಳು. ಕುತ್ತಿಗೆಯ ಗಂಟು ನೋಯುತ್ತಿದೆಯಾ, ನುಂಗಲು ಕಷ್ಟವಾಗುತ್ತಿದೆಯಾ? ನಾವಿಬ್ಬರೂ ಕ್ಷೇಮ. ನನ್ನ ಅಂಗೈ ಎರಡು ಕಡೆ ಸುಲಿದಿದೆ. ಭಾವನ ಸೊಂಟ ಎಂದಿನಂತೆ ಗೊಣಗುತ್ತಿದೆ, ಅದರ ಜೊತೆಗೆ ಅವರೂ ಗೊಣಗುತ್ತಿದ್ದಾರೆ. ಇವತ್ತು ಬೆಳಿಗ್ಗೆ ದೋಣಿ ಸ್ಪರ್ಧೆಯ ಸೆಮಿಫೈನಲ್‌ನಲ್ಲಿ ಮೂರನೆಯವರಾಗಿ ಬಂದೆವು. ಮೊದಲ ಮೂರು ಜೋಡಿಗೆ ಫೈನಲ್ ಉಂಟು, ಹಾಗಾಗಿ ಬಾಲ ಹಿಡಿದುಕೊಂಡಾದರೂ ಒಳಗೆ ಬಂದಿದ್ದೇವೆ. ಫೈನಲ್ ಶನಿವಾರ ಬೆಳಿಗ್ಗೆ ಹತ್ತಕ್ಕೆ. ನಿನ್ನ ಆಪರೇಷನ್ ಕೂಡ ಶನಿವಾರ ಹತ್ತಕ್ಕೇ ಎಂದು ನನಗೂ ಗೊತ್ತು, ನಿನ್ನ ಗಂಡನಿಗೂ ಗೊತ್ತು. ನಿನ್ನ ಗುಟ್ಟು ರಟ್ಟಾಯಿತು ಅಕ್ಕಾ.

ಸೋಮವಾರ ನಮ್ಮ ತಂಡದ ಡಾಕ್ಟರು ನೀನು ಕಳಿಸಿದ ಎರಡು ಪೊಟ್ಟಣ ತಂದುಕೊಟ್ಟರು. ಎರಡರಲ್ಲೂ ಉಣ್ಣೆಯ ಕಾಲುಚೀಲ. ಭಾವ ಸ್ನಾನಕ್ಕೆ ಹೋಗಿದ್ದಾಗ ನನ್ನದರೊಳಗೆ ಕೈ ಹಾಕಿದರೆ ಚೀಟಿ ಸಿಕ್ಕಿತು. ‘ಗುರುವಾರ ಆಸ್ಪತ್ರೆಗೆ ಸೇರುತ್ತೇನೆ. ಅಮ್ಮನಿಗೆ ಪರೀಕ್ಷೆಯ ಮೌಲ್ಯಮಾಪನಕ್ಕೆ ಹೋಗುತ್ತೇನೆ ಎಂದಿದ್ದೇನೆ. ನಿನ್ನ ಭಾವನಿಗೆ ಹೇಳಬೇಡ, ಅವರು ಎಲ್ಲಾ ಬಿಟ್ಟು ಓಡಿ ಬರುತ್ತಾರೆ.’ ಗಂಟು ತೆಗೆದ ಮೇಲೆ ಸ್ವಲ್ಪ ದಿನ ದನಿ ಏಳದಿರಬಹುದು ಎಂದದ್ದನ್ನು ಯಾವುದೋ ಪಾಠದ ಟಿಪ್ಪಣಿಯ ಹಾಗೆ ಕೊನೆಗೆ ಒಂದೇ ಸಾಲಿನಲ್ಲಿ ಬರೆದಿದ್ದೆ. ನಿನ್ನ ದನಿ! ಆರು ವರ್ಷ ದಡದಲ್ಲಿ ಸೈಕಲ್ ತುಳಿಯುತ್ತಾ ‘ಒಟ್ಟಿಗೆ! ಒಟ್ಟಿಗೆ!’ ಎಂದು ನಮ್ಮ ಬೆನ್ನು ಹತ್ತಿದ ದನಿ. ಅದಿಲ್ಲದೆ ನಲವತ್ತು ಮಕ್ಕಳ ತರಗತಿಯನ್ನು ಹೇಗೆ ಸುಮ್ಮನಿರಿಸುತ್ತೀಯ? ಚೀಟಿಯನ್ನು ಟೋಪಿಯ ಒಳಮಡಿಕೆಯಲ್ಲಿ ಬಚ್ಚಿಟ್ಟು, ಬಾಯಿಗೆ ಬೀಗ ಹಾಕಿಕೊಂಡೆ. ಆ ಹೊತ್ತಿಗೆ ಭಾವ ಸ್ನಾನ ಮುಗಿಸಿ ಬಂದು, ನಾನು ಆಚೆ ಹೋದ ಮೇಲೆ ತಮ್ಮ ಪೊಟ್ಟಣ ಬಿಚ್ಚಿದರು. ಅದರೊಳಗೆ ಇನ್ನೊಂದು ಚೀಟಿ ಇದೆಯೆಂದು ನಾನು ಕನಸು ಕಂಡಿದ್ದೆನಾ?

ನಮ್ಮ ದೋಣಿಯ ಕಷ್ಟ ನಿನಗೆ ಗೊತ್ತೇ ಇದೆ. ಇಬ್ಬರಿಗೆ ಎರಡೇ ಹುಟ್ಟು, ಅವರದು ಒಂದು ಪಕ್ಕ, ನನ್ನದು ಇನ್ನೊಂದು. ಒಬ್ಬನ ಮನಸ್ಸು ಬೇರೆ ಕಡೆ ಹೋಗಿ ಕೈ ಸಡಿಲಾದರೆ ದೋಣಿ ಅವನ ಕಡೆಗೇ ತಿರುಗಿ ಎಲ್ಲರೆದುರು ಮರ್ಯಾದೆ ತೆಗೆಯುತ್ತದೆ. ಅದಕ್ಕೇ ಹೆದರಿದ್ದೆ. ನೀರಿಗಿಳಿದರೆ ದೋಣಿ ಒಂದು ಗೇಣೂ ಆಚೀಚೆ ಹೋಗಲಿಲ್ಲ. ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೇನೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮುಂದೆ ಕೂತ ಭಾವನ ಬೆನ್ನು ಮಾತ್ರ ಎಂದಿನಂತಿರಲಿಲ್ಲ. ಆ ಬೆನ್ನು ನನಗೆ ಬಾಯಿಪಾಠ, ನೀನು ಕೂಡ ಅದನ್ನು ಅಷ್ಟು ಹೊತ್ತು ನೋಡಿರಲಾರೆ. ವಯಸ್ಸಾಯಿತು ಪಾಪ ಎಂದುಕೊಂಡೆ.

ಇವತ್ತು ದಡಕ್ಕೆ ಬಂದಾಗ ನಮ್ಮ ಕೋಚ್ ನಡು ಮೇಲೆ ಕೈ ಇಟ್ಟು ನಿಂತಿದ್ದರು. “ದಾರ ಕಟ್ಟಿ ಎಳೆದ ಹಾಗೆ ನೇರ ಬಂದ್ರಿ, ಎಮ್ಮೆ ಥರ ನಿಧಾನ ಬಂದ್ರಿ. ಒಬ್ಬ ಸುಸ್ತಾಗಿದ್ರೆ ದೋಣಿ ತಿರುಗ್ಬೇಕಿತ್ತು. ಇಬ್ಬರೂ ಸೇರಿ ನನ್ನಿಂದ ಏನು ಮುಚ್ಚಿಡ್ತಿದ್ದೀರಿ?” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ಟೋಪಿಗೆ ಹೋಯಿತು. ಭಾವ ಬಗ್ಗಿ ಕಾಲುಚೀಲ ಮುಟ್ಟಿಕೊಂಡರು. ನಾನು ಅವರ ಕಾಲು ನೋಡಿದೆ, ಅವರು ನನ್ನ ತಲೆ ನೋಡಿದರು. ಇಬ್ಬರಲ್ಲಿ ಯಾರಿಗೂ ಹೇಳದೆ ಇರಲು ನಿನ್ನಿಂದಲೂ ಆಗಿರಲಿಲ್ಲ; ಅವರ ಚೀಟಿಯಲ್ಲೂ ಅದೇ ಸುದ್ದಿ, ಕೊನೆಗೆ ‘ನೀವು ಓಡಿ ಬರಬೇಡಿ, ತಮ್ಮನಿಗೆ ಹೇಳಬೇಡಿ, ಇನ್ನೂ ಮಗು, ಅತ್ತುಬಿಡುತ್ತಾನೆ’ ಎಂದಿತ್ತು. ಮಗುವಿಗೆ ಇಪ್ಪತ್ತೆಂಟು ದಾಟಿತು ಅಕ್ಕಾ. ಆದರೂ ನೀನು ಬರೆದದ್ದು ಸುಳ್ಳಾಗಲಿಲ್ಲ, ಅಲ್ಲೇ ದೋಣಿಯ ಪಕ್ಕದಲ್ಲಿ ಕೂತು ಅತ್ತೆ. ಭಾವನೂ ಅತ್ತರು. ನಾನು ಹೇಳಿದೆನೆಂದು ಅವರಿಗೆ ಹೇಳಬೇಡ, ಇದೊಂದು ಗುಟ್ಟು ನಮ್ಮಿಬ್ಬರಲ್ಲೇ ಇರಲಿ.

ಸ್ಪರ್ಧೆ ಮುಗಿಯುವವರೆಗೆ ನಮ್ಮ ಫೋನುಗಳೆಲ್ಲ ಕೋಚ್ ಡಬ್ಬಿಯೊಳಗೆ. ಅವರೇ ಬೀಗ ತೆಗೆದು ಕೊಟ್ಟರು. ನಿನ್ನದು ಆಫ್. ಭಾವ ಕೋಣೆಗೆ ಬಂದವರೇ ಚೀಲ ಕಟ್ಟಿದರು. ಹೋಗಿ ಭಾವ, ಫೈನಲ್ ಇನ್ನೊಂದು ವರ್ಷ ಬರುತ್ತೆ ಎಂದು ನಾನೂ ಅಂಗಿ ಮಡಚಿಕೊಟ್ಟೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂಟಿ ಹುಟ್ಟಿನಲ್ಲಿ ನಾನು ಸುತ್ತು ಹೊಡೆಯಬಹುದೇ ಹೊರತು ಸ್ಪರ್ಧೆ ಮಾಡಲಾರೆ. ಭಾವ ಹತ್ತು ನಿಮಿಷ ಹಾಸಿಗೆ ಮೇಲೆ ಕೂತಿದ್ದು, ಒಂದೊಂದೇ ಅಂಗಿ ಹೊರಗೆ ತೆಗೆದರು. “ಹೋದ್ರೆ ಮಾತು ಬರದಿದ್ರೂ ಬೈತಾಳೆ ಕಣೋ. ಆದ್ರೆ ಅವಳು ಅಲ್ಲಿ ಒಬ್ಬಳೇ ಮಲಗಿರೋದಾದ್ರೆ ನಾನಿಲ್ಲಿ ಹುಟ್ಟು ಮುಟ್ಟಲ್ಲ” ಎಂದರು. ಅದಕ್ಕೊಂದು ದಾರಿ ಹುಡುಕಿದ ಮೇಲೆಯೇ ಅವರು ಊಟಕ್ಕೆ ಎದ್ದದ್ದು. ಆಮೇಲೆ ಸಂಜೆಗೆ ಮುಂಚೆ ಸುಮ್ಮನೆ ಒಂದು ಸುತ್ತು ದೋಣಿ ಬಿಟ್ಟುಕೊಂಡು ಬಂದೆವು. ಅಕ್ಕಾ, ಅದು ಹಾರಿತು. ಕೋಚ್ ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದರು.

ಪದಕ ಬರುತ್ತದೋ ಇಲ್ಲವೋ ಹೇಳಲಾರೆ, ಆರು ದೋಣಿಯಲ್ಲಿ ಐದು ನಮಗಿಂತ ಗಟ್ಟಿ. ಗೆಲ್ಲುತ್ತೇವೆ ಎಂದು ಮಾತ್ರ ಇವತ್ತು ಮೊದಲ ಸಲ ಅನ್ನಿಸಿದೆ. ಶನಿವಾರ ಹತ್ತಕ್ಕೆ ನೀನು ಕಣ್ಣು ಮುಚ್ಚುವ ಮೊದಲು ಒಂದು ಸಲ ‘ಒಟ್ಟಿಗೆ’ ಅನ್ನು. ನಾವೂ ಅನ್ನುತ್ತೇವೆ. ಭಾವ ನಿನಗೆ ಬೇರೆ ಬರೆಯುತ್ತಾರಂತೆ, ನನಗೆ ತೋರಿಸುತ್ತಿಲ್ಲ.

ನಿನ್ನ ಪಾದ ಮುಟ್ಟಿ,
ನಿನ್ನ ಗಂಡನ ಬೆನ್ನ ಹಿಂದಿನವನು,
ತಮ್ಮ

ಮರೆತಿದ್ದೆ: ನಮ್ಮೂರಿನ ಈಜುಗಾರನೊಬ್ಬ ಬಾಗಿಲಲ್ಲಿ ನಿಂತಿದ್ದಾನೆ, ಅವನ ಸ್ಪರ್ಧೆ ಮುಗಿದು ಇವತ್ತೇ ಊರಿಗೆ ಹೊರಟಿದ್ದಾನೆ, ಗೀಚಿ ಮುಗಿಸುತ್ತೇನೆ. ಅವನು ಪತ್ರವನ್ನು ಆಸ್ಪತ್ರೆಗೆ ತರುವುದಿಲ್ಲ, ಅಮ್ಮನ ಕೈಗೆ ಕೊಡುತ್ತಾನೆ. ಫೋನ್ ಮಾಡಿ ಎಲ್ಲಾ ಹೇಳಿದೆವು. ಅವಳು ಗಾಬರಿಯಾಗಲಿಲ್ಲ. “ಒಂದು ತಿಂಗಳಿಂದ ಗೊತ್ತು. ಅವಳಾಗೇ ಹೇಳ್ಲಿ ಅಂತ ಕಾಯ್ತಿದ್ದೆ. ಮೌಲ್ಯಮಾಪನಕ್ಕೆ ಹೋಗೋಳು ಕೆಂಪು ಪೆನ್ನು ಮೇಜಿನ ಮೇಲೇ ಬಿಟ್ಟು ಹೋಗಿದ್ದಾಳೆ” ಎಂದಳು. ನೀನು ಇದನ್ನು ಓದುವಾಗ ನಿನ್ನ ಮಂಚದ ಪಕ್ಕದಲ್ಲಿ ಕಿಟಕಿ ನೋಡುತ್ತಾ ನಿಂತಿರುವವಳು ಅವಳೇ. ಕೂರಿಸು, ಮಂಡಿ ನೋವು. ಪೆನ್ನು ತಂದಿರುತ್ತಾಳೆ, ಮಾತು ಬರುವವರೆಗೆ ನಿನಗೆ ಬರೆಯಲು ಬೇಕಾಗುತ್ತದಂತೆ.