ಮೇಜಿನ ಮೇಲಿನ ಬೆಟ್ಟ

ಗುರುವಾರ, ಮಧ್ಯಾಹ್ನ

ನನ್ನ ಬಾಯಿಬಡುಕಿ ಮಗಳಿಗೆ, ಅಮ್ಮನಿಂದ ಮುತ್ತುಗಳು.

ಫೋನ್ ಇರುವಾಗ ಇವಳಿಗೇಕೆ ಕಾಗದದ ಹುಚ್ಚು ಹಿಡಿಯಿತು ಎಂದು ಗಾಬರಿಯಾಗಬೇಡ. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ನಾನು ಹೇಳಬೇಕಾದ್ದನ್ನು ಬಿಟ್ಟು ಊಟ ಆಯಿತಾ, ನೆಗಡಿ ಹೋಯಿತಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಕಾಗದ ಎದುರು ಮಾತಾಡುವುದಿಲ್ಲ, ಪುಣ್ಯಕ್ಕೆ. ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಜಿಪ್ಪು ಕಿತ್ತುಹೋದ ಬೆನ್ನುಚೀಲಗಳ ರಾಶಿ ಇದೆ, ಹೊಲಿಗೆ ಯಂತ್ರದ ಮೇಲೆ ಯಾರದ್ದೋ ಹರಿದ ಟೆಂಟು ಅರ್ಧ ಹೊಲಿದು ಬಿದ್ದಿದೆ. ಮೇಲೆ ಮನೆಯಲ್ಲಿ ನಿಮ್ಮಪ್ಪ ಮಲಗಿದ್ದಾರೆ. ಎದ್ದು ಓಡಾಡಿದರೆ ಸದ್ದು ಇಲ್ಲಿಗೇ ಕೇಳುತ್ತದೆ.

ನೀನು ಎರಡು ವಿಷಯ ಕೇಳಿದ್ದೆ. ನೀನು ಪಾಠ ಹೇಳುವ ಶಾಲೆಗೆ ರಜೆ ಬಂದ ಕೂಡಲೇ ನಮ್ಮಿಬ್ಬರನ್ನೂ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತೇನೆ ಅಂದೆ. ಮೊದಲು ಎತ್ತರದ ಬೆಟ್ಟ, ಆಮೇಲೆ ಕಡಲು, ಕೊನೆಗೆ ಮಳೆಕಾಡು. ಅಪ್ಪ ಜೀವಮಾನವಿಡೀ ಊರವರನ್ನು ಕರೆದುಕೊಂಡು ಹೋದ ದಾರಿಯಲ್ಲಿ, ಅಪ್ಪ ಕಲಿಸಿದ ರೀತಿಯಲ್ಲೇ, ಯಾರಿಗೂ ಯಾವ ಗಿಡಕ್ಕೂ ತೊಂದರೆ ಕೊಡದೆ ಹೋಗಿ ಬರೋಣ, ಅಮ್ಮ ಒಂದು ಸಲವಾದರೂ ನೋಡಲಿ ಅಂದೆ. ಬಂದ ಮೇಲೆ ಅಪ್ಪನನ್ನು ಆ ಆರೈಕೆ ಮನೆಗೆ ಸೇರಿಸೋಣ, ಒಂದು ಹಾಸಿಗೆ ಖಾಲಿಯಾಗಿದೆ, ಸೋಮವಾರದೊಳಗೆ ಹೌದೋ ಅಲ್ಲವೋ ಹೇಳಬೇಕಂತೆ ಅಂದೆ. ನಾನು ಆವತ್ತು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಫೋನ್ ಇಟ್ಟೆ. ಹಾಲೂ ಇಟ್ಟಿರಲಿಲ್ಲ, ನೀರೂ ಇಟ್ಟಿರಲಿಲ್ಲ.

ಈಗ ಇಲ್ಲಿಯ ವಿಷಯ ಕೇಳು. ದಿನಾ ಊಟ ಮುಗಿದ ಮೇಲೆ ನಿಮ್ಮಪ್ಪ ಆಫೀಸು ತೆರೆಯುತ್ತಾರೆ. ಬೀದಿಯಲ್ಲಿದ್ದ ಅವರ ಪ್ರವಾಸದ ಆಫೀಸಿಗೆ ಬೀಗ ಬಿದ್ದು ಯಾವ ಕಾಲವಾಯಿತೋ, ಈಗ ನಮ್ಮ ಊಟದ ಮೇಜೇ ಆಫೀಸು. ದೊಡ್ಡ ಬೋಗುಣಿಯನ್ನು ಬೋರಲು ಹಾಕುತ್ತಾರೆ, ಅದು ಬೆಟ್ಟ. ಪಕ್ಕದಲ್ಲಿ ಒದ್ದೆ ಟವೆಲ್ಲು ಹಾಸುತ್ತಾರೆ, ಅದು ಕಡಲು. ಫ್ರಿಜ್ಜಿನಿಂದ ಸೊಪ್ಪಿನ ಕಟ್ಟು ತಂದು ನಿಲ್ಲಿಸುತ್ತಾರೆ, ಅದು ಮಳೆಕಾಡು. ನೀನು ಚಿಕ್ಕವಳಿದ್ದಾಗ ಗಿರಾಕಿಗಳಿಗೂ ಹೀಗೇ ತೋರಿಸುತ್ತಿದ್ದರಲ್ಲ. ನಕ್ಷೆ ಬಿಚ್ಚಿದರೆ ಜನ ತಲೆಯಾಡಿಸುತ್ತಾರೆ, ಪಾತ್ರೆ ಇಟ್ಟರೆ ಅರ್ಥ ಮಾಡಿಕೊಳ್ಳುತ್ತಾರೆ ಎನ್ನುತ್ತಿದ್ದರು. ಸಂಜೆಯ ಹೊತ್ತಿಗೆ ಕಾಡು ಬಾಡಿರುತ್ತದೆ. ಬಿಸಾಕಲು ಮನಸ್ಸು ಬಾರದೆ ಬೇಯಿಸುತ್ತೇನೆ. ನಿಮ್ಮಪ್ಪನ ಮಳೆಕಾಡು ತಿಂದೂ ತಿಂದೂ ನನಗೆ ಸೊಪ್ಪು ಕಂಡರೇ ಆಗದ ಹಾಗಾಗಿದೆ ಕಣೇ.

ಮೊದಲ ಸಲ ನಾನು ತಟ್ಟೆ ಎತ್ತುತ್ತಿದ್ದೆ. ಬನ್ನಿ ಅಮ್ಮಾ, ಕೂತ್ಕೊಳ್ಳಿ, ಎಲ್ಲಿಗೆ ಹೋಗ್ಬೇಕು ಅಂತಿದೀರಾ ಎಂದು ಕೇಳಿದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು, ನಿಮ್ಮ ಜೊತೆ ಆದ್ರೆ ಎಲ್ಲಿಗೂ ಬೇಡಪ್ಪ ಎಂದೆ. ಅವರು ನಗಲಿಲ್ಲ. ಗಿರಾಕಿ ಕೈಬಿಟ್ಟುಹೋದಾಗ ಮುಖ ಸಣ್ಣದು ಮಾಡುತ್ತಿದ್ದರಲ್ಲ, ಹಾಗೆ ಮಾಡಿದರು. ನನ್ನನ್ನು ನಿಜವಾಗಿಯೂ ಗಿರಾಕಿ ಎಂದೇ ತಿಳಿದಿದ್ದರು. ತಟ್ಟೆ ಕೆಳಗಿಟ್ಟು ಎದುರಿಗೆ ಕೂತೆ. ಮದುವೆಯಾದಾಗಿನಿಂದ ಈ ಮನುಷ್ಯ ನನ್ನನ್ನು ಎಲ್ಲಿಗೆ ಹೋಗಬೇಕು ಎಂದು ಕೇಳಿದ್ದು ಅದೇ ಮೊದಲು, ಬಿಡುವುದುಂಟೇ?

ಆವತ್ತಿನಿಂದ ನಾನು ದಿನವೂ ಹೊಸ ಗಿರಾಕಿ. ತಿಂಡಿ ತಿಂದದ್ದು ನೆನಪಿರುವುದಿಲ್ಲ, ಬಚ್ಚಲಮನೆಯ ಬಾಗಿಲು ಯಾವುದೆಂದು ಗೊತ್ತಾಗುವುದಿಲ್ಲ, ಆದರೆ ಪ್ರವಾಸದ ಮಾತಿನಲ್ಲಿ ಮಾತ್ರ ಒಂದಕ್ಷರ ತಪ್ಪುವುದಿಲ್ಲ. ಬೆಟ್ಟ ಹತ್ತುವಾಗ ಅವಸರ ಬೇಡ, ಹಗಲು ಎಷ್ಟೇ ಎತ್ತರಕ್ಕೆ ಹೋದರೂ ಮಲಗುವುದಕ್ಕೆ ಕೆಳಗೆ ಇಳಿದು ಬನ್ನಿ, ತಲೆನೋವು ಬಂದರೆ ಮುಚ್ಚಿಡಬೇಡಿ. ಕಡಲ ದಡದಲ್ಲಿ ಆಮೆ ಮೊಟ್ಟೆಯಿಡುವ ಕಡೆ ದೀಪ ಹಾಕಬೇಡಿ, ಚಿಪ್ಪು ಆರಿಸಿಕೊಂಡು ಬರಬೇಡಿ, ಅದೇನು ನಿಮ್ಮಪ್ಪನ ಮನೆಯದ್ದೇ? ಕಾಡಿಗೆ ಕಾಲಿಡುವ ಮೊದಲು ಬೂಟು ತೊಳೆಯಿರಿ, ಬೇರೆ ಕಡೆಯ ಬೀಜ ಅಂಟಿಕೊಂಡು ಬಂದಿರುತ್ತದೆ. ಅಲ್ಲಿಯವರ ಮನೆಯಲ್ಲಿ ಉಳಿಯಿರಿ, ಆದರೆ ಅವರನ್ನು ಕೇಳಿ ಉಳಿಯಿರಿ. ಒಯ್ದ ಕಸ ಹೊತ್ತು ತನ್ನಿ. ಕೊನೆಯಲ್ಲಿ ಆ ಮಾತು ಇದ್ದೇ ಇರುತ್ತದೆ: ನಾವು ಬಂದು ಹೋದ್ವಿ ಅಂತ ಆ ಜಾಗಕ್ಕೆ ಗೊತ್ತೇ ಆಗ್ಬಾರ್ದು, ಅಮ್ಮಾ.

ಮಾರನೇ ದಿನ ಮತ್ತೆ ಬೋಗುಣಿ, ಮತ್ತೆ ಟವೆಲ್ಲು, ಮತ್ತೆ ಬನ್ನಿ ಅಮ್ಮಾ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಆದರೂ ಆ ಹೊತ್ತು ಮಾತ್ರ ಅವರು ಅಳುವುದಿಲ್ಲ, ಬಾಗಿಲು ಬಡಿಯುವುದಿಲ್ಲ, ಅದಕ್ಕೇ ನಾನೂ ಬೇಸರಪಡದೆ ಕೂರುತ್ತೇನೆ.

ಎಷ್ಟು ಜನ ಬರ್ತೀರಿ ಎಂದು ಕೇಳಿದಾಗೆಲ್ಲ ನಾನು, ನಮ್ಮ ಯಜಮಾನರು, ಒಬ್ಬಳು ಮಗಳು ಎನ್ನುತ್ತಿದ್ದೆ. ಯಜಮಾನರ ಆರೋಗ್ಯ ಹೇಗಿದೆ ಎಂದು ಕೇಳಿದರೆ ಗುಂಡುಕಲ್ಲಿನ ಹಾಗಿದ್ದಾರೆ ಎಂದು ಬಿಡುತ್ತಿದ್ದೆ. ಖುಷಿಯಾಗಿ ನಮ್ಮ ಮೂವರನ್ನೂ ಬೋಗುಣಿ ಹತ್ತಿಸಿ ಇಳಿಸುತ್ತಿದ್ದರು. ನೀನು ಪ್ರವಾಸದ ಮಾತೆತ್ತಿದ ಮೇಲೆ ನನಗೊಂದು ಯೋಚನೆ ಬಂತು. ಹೋಗಬಹುದೋ ಬಾರದೋ ಎಂದು ನಾವಿಬ್ಬರು ಗುದ್ದಾಡುವುದಕ್ಕಿಂತ, ಗೊತ್ತಿದ್ದವರನ್ನೇ ಕೇಳಿದರಾಯಿತಲ್ಲ?

ಮೊನ್ನೆ ಕೇಳಿಯೇಬಿಟ್ಟೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ನಮ್ಮ ಯಜಮಾನರಿಗೆ ಮರೆವಿನ ಕಾಯಿಲೆ, ಬಾಗಿಲು ತೆಗೆದಿದ್ದರೆ ಹೊರಟುಬಿಡುತ್ತಾರೆ, ಒಂದು ಸಲ ಬಸ್ ನಿಲ್ದಾಣದಲ್ಲಿ ಬರಿಗಾಲಲ್ಲಿ ಸಿಕ್ಕಿದರು, ಅಂಗಡಿಗೆ ಇಳಿಯುವಾಗ ಹೊರಗಿನಿಂದ ಬೀಗ ಹಾಕಿ ಇಳಿಯುತ್ತೇನೆ ಎಂದೆ. ಅವರು ಬೋಗುಣಿಯ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ತಪ್ಪು ತಿಳ್ಕೋಬೇಡಿ ಅಮ್ಮಾ, ಅವರನ್ನ ಕರ್ಕೊಂಡು ಹೋಗೋಕಾಗಲ್ಲ ಎಂದರು. ಎತ್ತರದಲ್ಲಿ ಗಾಳಿ ತೆಳುವಾದರೆ ಚೆನ್ನಾಗಿರುವವರಿಗೇ ತಲೆ ಕೆಡುತ್ತದಂತೆ, ಮಾತು ತೊದಲುತ್ತದಂತೆ, ತಾನೆಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲವಂತೆ. ಅದನ್ನು ನೋಡಿಯೇ ಕೂಡಲೇ ಕೆಳಗಿಳಿಸಬೇಕಂತೆ. ನಿಮ್ಮ ಯಜಮಾನರು ಯಾವಾಗಲೂ ಹಾಗೇ ಇದ್ದರೆ, ಅದು ಬೆಟ್ಟದ್ದೋ ಅವರದ್ದೋ ಅಂತ ನಾನು ಹೇಗೆ ಕಂಡುಹಿಡೀಲಿ ಎಂದು ಕೇಳಿದರು. ಬೋಗುಣಿಯನ್ನು ಮೇಲ್ಮುಖ ಮಾಡಿ ಪಕ್ಕಕ್ಕಿಟ್ಟರು.

ಹಾಗಾದ್ರೆ ಕಡಲಾದ್ರೂ ತೋರಿಸಿ ಎಂದು ಗೋಗರೆದೆ. ಹೌದು ಕಣೇ, ಸಂತೆಯಲ್ಲಿ ಚೌಕಾಸಿ ಮಾಡುವ ಹಾಗೆ ಚೌಕಾಸಿ ಮಾಡಿದೆ. ದಾರಿ ಅಂತ ನೀರಿಗೇ ನಡೀತಾರೆ, ಹಿಡಿಯೋಕೆ ಹೋಗಿ ನೀವೂ ಹೋಗ್ತೀರಿ ಎನ್ನುತ್ತಾ ಟವೆಲ್ಲು ಮಡಚಿದರು. ಕಾಡು ಎಂದೆ. ಕಾಡಿನಲ್ಲಿ ಒಬ್ಬರು ತಪ್ಪಿದರೆ ಹುಡುಕುವುದಕ್ಕೆ ಊರಿನ ಜನವೆಲ್ಲ ಕೆಲಸ ಬಿಟ್ಟು ನುಗ್ಗುತ್ತಾರೆ, ಕಾಡೆಲ್ಲ ತುಳಿದುಹೋಗುತ್ತದೆ, ನಮ್ಮ ಆಸೆಗೆ ಅವರಿಗೆ ಆ ಕಷ್ಟ ಕೊಡುವುದು ನ್ಯಾಯವಲ್ಲ ಎಂದರು. ಸೊಪ್ಪಿನ ಕಟ್ಟನ್ನು ನನ್ನ ಕೈಗೆ ಕೊಟ್ಟರು. ಮೇಜು ಖಾಲಿಯಾಯಿತು. ನನಗೆ ಅಳು ತಡೆಯಲಾಗಲಿಲ್ಲ. ಗಿರಾಕಿಗೆ ಕೊಡುವ ಹಾಗೆ ಎರಡೂ ಕೈಯಲ್ಲಿ ಲೋಟ ಹಿಡಿದು ನೀರು ಕೊಟ್ಟರು. ಆಮೇಲೆ ಅವರೇ, ಮರ್ಯಾದೆಯಿಂದ, ಎಲ್ಲಾದ್ರೂ ಚೆನ್ನಾಗಿ ನೋಡ್ಕೊಳ್ಳೋ ಜಾಗದಲ್ಲಿ ಬಿಡಿ ಅಮ್ಮಾ, ನಿಮಗೂ ಸಾಕಾಗಿರುತ್ತೆ, ನೀವೊಬ್ಬರೇ ಹೋಗಿ ಬನ್ನಿ ಎಂದರು.

ಆದ್ದರಿಂದ ಮಗಳೇ, ನಿನ್ನ ಮೊದಲ ಪ್ರಶ್ನೆಗೆ ಇಲ್ಲ, ಎರಡನೆಯದಕ್ಕೆ ಹೌದು. ಪ್ರವಾಸ ಬೇಡ. ರಜೆಯ ತನಕ ಕಾಯುವುದೂ ಬೇಡ, ಸೋಮವಾರವೇ ಬಾ, ಸೇರಿಸಿಬಿಡೋಣ. ಅಪ್ಪನನ್ನು ತಳ್ಳಿಬಿಟ್ಟೆವು ಎಂದು ನೀನು ಆಮೇಲೆ ಕೊರಗಬಾರದು. ಅವರ ಬಾಯಿಂದಲೇ ಬಂದ ಮಾತು ಇದು. ಅವರಿಗಿಂತ ಜವಾಬ್ದಾರಿಯ ಮನುಷ್ಯ ಈ ಕೆಲಸದಲ್ಲಿ ಯಾರಿದ್ದರು?

ನನ್ನ ಕೈ ಯಂತ್ರಕ್ಕೆ ಸಿಕ್ಕಿ ಊದಿದೆ ಎಂದಿದ್ದೆನಲ್ಲ, ಅದು ಯಂತ್ರವಲ್ಲ. ಒಂದು ಬೆಳಿಗ್ಗೆ ನಿಮ್ಮಪ್ಪನಿಗೆ ಎಚ್ಚರವಾದಾಗ ಪಕ್ಕದಲ್ಲಿ ಯಾರೋ ಹೆಂಗಸು ಮಲಗಿರುವುದನ್ನು ನೋಡಿ ಹೆದರಿ ನನ್ನ ಕೈ ತಿರುಚಿದರು. ಅವರ ತಪ್ಪೇನಿದೆ? ಗೊತ್ತಿಲ್ಲದ ಹೆಂಗಸು ಹಾಸಿಗೆಯಲ್ಲಿದ್ದರೆ ಮರ್ಯಾದಸ್ಥ ಗಂಡಸು ಹೆದರಲೇಬೇಕು. ಆವತ್ತಿನಿಂದ ನಾನು ಅಂಗಡಿಯಲ್ಲೇ ಚೀಲಗಳ ಮಧ್ಯೆ ಮಲಗುತ್ತೇನೆ. ಹೊಲಿಗೆಯೂ ಸರಿಯಾಗಿ ಬೀಳುತ್ತಿಲ್ಲ, ನಿನ್ನೆ ಒಬ್ಬರ ಮಳೆಕೋಟಿಗೆ ಜಿಪ್ಪನ್ನು ತಲೆಕೆಳಗಾಗಿ ಹಾಕಿ ಬೈಸಿಕೊಂಡೆ.

ಊರಿಗೆಲ್ಲ ಬೆಟ್ಟ ತೋರಿಸಿದರು, ನನಗೆ ಮುಂದಿನ ವರ್ಷ ಮುಂದಿನ ವರ್ಷ ಎಂದರು. ಯಾರಾದರೂ ಚೀಲ ಹೊಲಿಯುವವರು ಬೇಕಲ್ಲ, ನಾನೂ ಹಠ ಮಾಡಲಿಲ್ಲ. ನನಗೆ ಅದರ ಮೇಲೆ ಸಿಟ್ಟಿಲ್ಲ. ಸಿಟ್ಟು ಬರುವುದು ಅವರ ಆ ಕೊನೆಯ ಮಾತಿಗೆ. ಬಂದು ಹೋದದ್ದು ಜಾಗಕ್ಕೆ ಗೊತ್ತಾಗಬಾರದಂತೆ! ನಾನು ಅವರ ಜೊತೆ ಹಾಗೇ ಇದ್ದು ಹೋದ ಹಾಗಾಯಿತಲ್ಲ. ಒಂದು ಹೆಜ್ಜೆ ಗುರುತಾದರೂ ಉಳಿದಿದ್ದರೆ ಏನಾಗುತ್ತಿತ್ತು?

ಬರುವಾಗ ಅವರಿಗೆ ಮೆತ್ತನೆಯ ಚಪ್ಪಲಿ ತಾ, ಲಾಡಿ ಕಟ್ಟುವ ಬೂಟು ಈಗ ಅವರಿಗೆ ಆಗುವುದಿಲ್ಲ. ಅವರ ಹಳೆಯ ಬೆನ್ನುಚೀಲಕ್ಕೆ ಹೊಸ ಪಟ್ಟಿ ಹಾಕಿದ್ದೇನೆ, ಬಟ್ಟೆ ಅದರಲ್ಲೇ ತುಂಬುತ್ತೇನೆ. ಎಲ್ಲಿಗೆ ಎಂದು ಕೇಳಿದರೆ ಬೆಟ್ಟಕ್ಕೆ ಎನ್ನೋಣ. ನೀನು ಎದುರಿಗೆ ಅಳಬೇಡ, ಮೂಗು ಕೆಂಪು ಮಾಡಿಕೊಂಡರೆ ಅವರು ನೀರು ತಂದು ಕೊಡುತ್ತಾರೆ, ಆಮೇಲೆ ನನ್ನ ಕೈಲಿ ಆಗುವುದಿಲ್ಲ. ಮೇಲೆ ಸದ್ದಾಗುತ್ತಿದೆ, ಎದ್ದರು ಅನ್ನಿಸುತ್ತದೆ.

ನಿನ್ನನ್ನು ಹೆತ್ತು, ಹೊತ್ತು, ಬೈದು ಬೆಳೆಸಿದ
ಅಮ್ಮ

ಮತ್ತೊಂದು ಮಾತು: ಅಂಟು ಹಚ್ಚಿದ್ದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ನೋಡಿಕೊಳ್ಳುವ ಜಾಗದಲ್ಲಿ ಬಿಡಿ ಎಂದು ನಿಮ್ಮಪ್ಪ ಹೇಳಲಿಲ್ಲ. ನಿನಗೆ ಹಗುರಾಗಲಿ ಎಂದು ನಾನೇ ಬರೆದೆ. ನೀರು ಕೊಟ್ಟ ಮೇಲೆ ಅವರು ಕೇಳಿದ್ದು, ನಿಮ್ಮ ಯಜಮಾನರಿಗೆ ನಿಮ್ಮ ಗುರುತು ಸಿಗುತ್ತಾ ಎಂದು. ಅಷ್ಟು ಹತ್ತಿರದಿಂದ ನನ್ನ ಮುಖ ನೋಡುತ್ತಾ ಕೇಳಿದರು. ಸಿಗುತ್ತೆ ಅಂದುಬಿಟ್ಟೆ. ಹಾಗಾದ್ರೆ ಬಿಟ್ಟು ಎಲ್ಲಿಗೂ ಹೋಗ್ಬೇಡಿ ಅಮ್ಮಾ, ಅವರಿಗೆ ಇನ್ಯಾರಿದ್ದಾರೆ ಎಂದರು. ಆದರೂ ನೀನು ಸೋಮವಾರ ಬಾ.