ಎರಡು ಮೈಕಿನ ಸೌಂಡ್ ಕಾರ್ಡು

ಸಾಗರ
ನವೆಂಬರ್ ೧೮, ೨೦೨೫

ಮುದ್ದಿನ ಮೊಮ್ಮಗಳು ಲಿಖಿತಾಗೆ,

ಹೇಗಿದ್ದೀಯೇ? ಅಸ್ಸಾಮಿನ ಚಳಿಗೆ ಹಿಡಿದ ಕೆಮ್ಮು ಬಿಟ್ಟಿತೇ ಇಲ್ಲವೇ? ಕಾಳುಮೆಣಸಿನ ಕಷಾಯ ಕಾಯಿಸಿಕೊಳ್ಳಲು ಸೋಮಾರಿತನ ಮಾಡಬೇಡ. ಮಕ್ಕಳಿಗೆ ಸಂಗೀತ ಹೇಳಿಕೊಡುವ ಟೀಚರೇ ಗೊರಗೊರ ಎಂದರೆ ಶಾಲೆಯವರು ಏನಂದುಕೊಂಡಾರು? ನಾನು ಗಟ್ಟಿಯಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡ ಕೂಡಲೇ ಮುಷ್ಕರ ಹೂಡುತ್ತದೆ. ಅಜ್ಜಿಯ ಆಪರೇಷನ್ ಸುಸೂತ್ರವಾಗಿ ಮುಗಿದದ್ದನ್ನು ನಿನ್ನಪ್ಪ ಸುನಿಲ ಫೋನಿನಲ್ಲಿ ಹೇಳಿದ್ದಾನೆ. ಕುತ್ತಿಗೆಯ ಗಂಟು ತೆಗೆದರು, ಕೆಟ್ಟದ್ದೇನೂ ಅಲ್ಲವಂತೆ. ಮನೆಗೆ ಬಂದಿದ್ದಾಳೆ, ಗಂಜಿ ಕುಡಿಯುತ್ತಾಳೆ, ಉಪ್ಪು ಕಡಿಮೆಯಾದರೆ ನನ್ನನ್ನು ಕಣ್ಣಲ್ಲೇ ಸುಡುತ್ತಾಳೆ. ಆದರೆ ಡಾಕ್ಟರು ಮತ್ತೊಮ್ಮೆ ನೋಡುವ ತನಕ ಮಾತು ಆಡುವಂತಿಲ್ಲ. ಗಂಟು ದನಿಯ ನರಕ್ಕೆ ಅಂಟಿಕೊಂಡೇ ಇತ್ತು, ದನಿ ಬದಲಾದೀತು, ಹೋದರೂ ಹೋದೀತು ಎಂದು ಅವರು ಮೊದಲೇ ಹೇಳಿದ್ದರಲ್ಲ. ಉಳಿದಿದೆಯೋ ಇಲ್ಲವೋ ನಮಗಿನ್ನೂ ಗೊತ್ತಿಲ್ಲ. ಮನೆಯಲ್ಲಿ ಎಲ್ಲರೂ ಆ ಒಂದು ವಿಷಯ ಬಿಟ್ಟು ಲೋಕದ ವಿಷಯವನ್ನೆಲ್ಲ ಮಾತಾಡುತ್ತಿದ್ದೇವೆ.

ಇದರ ಜೊತೆ ಒಂದು ಪೆನ್‌ಡ್ರೈವ್ ಇದೆ, ಲಕೋಟೆ ಹರಿಯುವಾಗ ಜೋಪಾನ. ನಿಮ್ಮ ಕಡೆಯ ನೆಟ್‌ವರ್ಕಿಗೆ ಇಷ್ಟು ಭಾರ ಎಳೆಯಲು ಆಗುವುದಿಲ್ಲವೆಂದು ನೀನೇ ಹೇಳಿದ್ದೆ. ಅಜ್ಜಿಯ ಪದಗಳೆಲ್ಲ ಇದರೊಳಗಿವೆ. ಬರೀ ಇದನ್ನು ಕಳಿಸಿ ಸುಮ್ಮನಾಗಬಹುದಿತ್ತು, ಆದರೆ ಇದಕ್ಕಾಗಿ ಪಟ್ಟ ಪಡಿಪಾಟಲನ್ನು ನಿನಗೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಅರ್ಧಕ್ಕೇ ನಗಲು ಶುರುಮಾಡುತ್ತೀಯ.

ಮೊದಲಿಗೆ ನಿನ್ನ ಉಪಕಾರ. ಡಾಕ್ಟರು ಆ ಮಾತು ಹೇಳಿದ ದಿನ ನಾವೆಲ್ಲ ಆಸ್ಪತ್ರೆ, ಗಾಡಿ, ಬುತ್ತಿ ಎಂದು ತಲೆಕೆಡಿಸಿಕೊಂಡಿದ್ದೆವು. ಅಷ್ಟು ದೂರದಲ್ಲಿ ಕೂತು ನೀನೊಬ್ಬಳೇ, "ಅಜ್ಜಾ, ಅಜ್ಜಿಯ ಹಸೆ ಪದ?" ಎಂದು ಕೇಳಿದೆ. ಆಗ ಹೊಳೆಯಿತು ನನಗೆ. ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವಾಗ, ಮದುಮಕ್ಕಳನ್ನು ಅದರ ಮುಂದೆ ಕೂರಿಸುವಾಗ ನಮ್ಮ ಹೆಂಗಸರು ಹೇಳುವ ಆ ಪದಗಳು ಒಂದು ಕಾಗದದ ಮೇಲೂ ಇಲ್ಲ, ಮೊದಲಿನಿಂದ ಕೊನೆಯವರೆಗೆ ಅವಳ ಗಂಟಲಲ್ಲಿ ಮಾತ್ರ ಇದ್ದವು. ನೀನು ಕೇಳದೆ ಹೋಗಿದ್ದರೆ ಗಂಟಿನ ಜೊತೆಗೆ ಅವನ್ನೂ ಆಸ್ಪತ್ರೆಯಲ್ಲಿ ಬಿಟ್ಟು ಬರುತ್ತಿದ್ದೆವೇನೋ.

ಆಮೇಲೆ ಶುರುವಾಯಿತು ನೋಡು ನಮ್ಮ ಸರ್ಕಸ್ಸು. ಮನೆಯ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ ಅಜ್ಜಿಯಿಂದ ಎರಡು ಸಾಲು ಹೇಳಿಸಿದೆ. ಕೇಳಿದರೆ ಜೇನುಗೂಡಿನೊಳಗೆ ಕೂತು ಹಾಡಿದ ಹಾಗೆ ಗುಂಯ್ ಎನ್ನುತ್ತಿತ್ತು. ಕಂಪ್ಯೂಟರಿನ ಹೊಟ್ಟೆಯೊಳಗಿನ ಸೌಂಡ್ ಕಾರ್ಡು ಮಾತಿಗೆ ಸಾಕು, ಹಾಡಿಗೆ ಸಾಲದು, ಹೊರಗಿನಿಂದ ಸಿಕ್ಕಿಸುವ ಕಾರ್ಡು ಬೇಕು ಎಂದು ನೀನು ಹೇಳಿದೆ. ಎಷ್ಟು ತಾಳ್ಮೆಯಿಂದ ಹೇಳಿದೆಯೇ ತಾಯಿ! ಬೆಲೆ ನೋಡಬೇಡ, ಹೊಳೆಯುವ ದೀಪ ನೋಡಬೇಡ, ಎಷ್ಟು ಜನ ಒಟ್ಟಿಗೆ ಹಾಡುತ್ತಾರೆ ಅದನ್ನು ನೋಡಿ ಆರಿಸು, ಎರಡು ಮೈಕಿನದ್ದೇ ತಾ, ನನ್ನ ಜೊತೆ ಓದಿದ ತೀರ್ಥೇಶನ ಅಂಗಡಿ ತೀರ್ಥಹಳ್ಳಿಯಲ್ಲಿದೆ, ಅಲ್ಲಿ ಸಿಗುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಅಂಗಡಿಯಲ್ಲಿ ಆ ತೀರ್ಥೇಶ, "ಎರಡು ಮೈಕಿಂದೇ ಕೊಡಿ ಅಂದಿದ್ಲಲ್ಲ ಲಿಖಿತಾ" ಎಂದು ನೆನಪಿಸಿದರೂ, "ಹಾಡೋಳು ಒಬ್ಳು ಮಾರಾಯ, ಎರಡನೇ ಬಾಯಿ ಎಲ್ಲಿಂದ ತರ್ಲಿ?" ಎಂದು ಜಂಬದಿಂದ ಒಂದೇ ಮೈಕಿನದ್ದನ್ನು ಎತ್ತಿಕೊಂಡು ಬಂದೆ. ಹೊಸನಗರದಲ್ಲಿ ಬಸ್ಸು ನಿಂತಾಗ ಪಕ್ಕದ ಸೀಟಿನವರಿಗೆ ಡಬ್ಬಿ ಬಿಚ್ಚಿ ತೋರಿಸಿ ಪಾಠವನ್ನೂ ಮಾಡಿದೆ.

ಮನೆಗೆ ತಂದು, ಅದರ ಜೊತೆ ಕೊಂಡ ಹೊಸ ಮೈಕು ಜೋಡಿಸಿದರೆ ಪಿಸುಗುಟ್ಟಿದಷ್ಟೂ ಸದ್ದಿಲ್ಲ. ನಿನ್ನಪ್ಪ ತಂತಿ ಬದಲಾಯಿಸಿದ, ಕಂಪ್ಯೂಟರ್ ಆರಿಸಿ ಹಾಕಿದ, ಕೊನೆಗೆ ಕಾರ್ಡನ್ನೇ ಬೈದ. ತಪ್ಪು ಯಾರದ್ದು ಗೊತ್ತೇ? ಅದರಲ್ಲಿ ನಲವತ್ತೆಂಟು ವೋಲ್ಟು ಎಂದು ಬರೆದ ಒಂದು ಗುಂಡಿ ಇದೆಯಲ್ಲ, ಅವನು ಒತ್ತಿದಾಗಲೆಲ್ಲ ನಾನು ಹಿಂದಿನಿಂದ ಕೈ ಹಾಕಿ ಆರಿಸುತ್ತಿದ್ದೆ. ಜೋಗದ ಪವರ್‌ಹೌಸಿನಲ್ಲಿ ಕೂದಲು ಹಣ್ಣು ಮಾಡಿಕೊಂಡವನು ನಾನು. ಹೆಂಡತಿಯ ಒದ್ದೆ ಬಾಯಿಯ ಮುಂದೆ ಕರೆಂಟು ಹರಿಯಲು ಬಿಟ್ಟೇನೇ? ಆ ಮೈಕಿಗೆ ಜೀವ ಬರುವುದೇ ಅದರಿಂದ, ಅದು ಯಾರಿಗೂ ಹೊಡೆಯುವುದಿಲ್ಲ ಎಂದು ನೀನು ಫೋನಿನಲ್ಲಿ ಆಣೆ ಇಟ್ಟ ಮೇಲೂ ನಾನು ಅಜ್ಜಿಯ ಕಾಲಡಿ ರಬ್ಬರ್ ಮ್ಯಾಟು ಹಾಸಿಯೇ ಗುಂಡಿ ಒತ್ತಲು ಬಿಟ್ಟದ್ದು. ನಗು, ನಗು. ಅವಳೂ ಹೀಗೇ ನಕ್ಕಳು.

ಅಷ್ಟಾದ ಮೇಲೂ ಅಜ್ಜಿ ಹಾಡಬೇಕಲ್ಲ! ಒಂದು ಸಾಲು ಹೇಳುತ್ತಾಳೆ, ಕೊನೆಗೆ ಬಂದು ಗಕ್ಕನೆ ನಿಲ್ಲುತ್ತಾಳೆ, ನನ್ನ ಮುಖ ನೋಡುತ್ತಾಳೆ. "ಎತ್ಕೊಳ್ಳೋರು ಇಲ್ದೆ ನಾ ಹ್ಯಾಂಗೆ ಬಿಡ್ಲಿ?" ಎಂದಳು. ಹಸೆ ಪದವನ್ನು ಒಬ್ಬಳೇ ಹೇಳುವ ಪದ್ಧತಿಯೇ ಇಲ್ಲವಲ್ಲೇ. ಒಬ್ಬಳು ಸಾಲು ಮುಗಿಸುವ ಮೊದಲೇ ಎದುರಿನವಳು ಅದರ ಬಾಲ ಹಿಡಿದು ಎತ್ತಿಕೊಳ್ಳಬೇಕು. ಜನ್ಮವಿಡೀ ಮದುವೆಮನೆಗಳಲ್ಲಿ ಕೇಳಿದ್ದೇನೆ, ಅಂಗಡಿಯಲ್ಲಿ ಮಾತ್ರ ಹೊಳೆಯಲಿಲ್ಲ. ಅವಳ ಹಾಡಿನ ಜೋಡಿ, ಹಿನ್ನೀರಿನ ಆಚೆ ದಡದ ಪುಷ್ಪಮ್ಮನಿಗೆ ಹೇಳಿಕಳಿಸಿದೆ. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವ ಕಾಲ ಹೋಯಿತು, ಹೊಸ ಸೇತುವೆ ದಾಟುವ ಬಸ್ಸು ಹತ್ತಿ ಮಧ್ಯಾಹ್ನದ ಊಟದ ಹೊತ್ತಿಗೇ ಬಂದಿಳಿದಳು. ಇಬ್ಬರನ್ನೂ ಒಂದೇ ಮೈಕಿನ ಮುಂದೆ ಕೆನ್ನೆಗೆ ಕೆನ್ನೆ ತಾಗಿಸಿ ಕೂರಿಸಿದೆ. ಪುಷ್ಪಮ್ಮನ ದನಿ ನಿನಗೆ ಗೊತ್ತು, ಆಚೆ ದಡದಿಂದ ಕೂಗಿ ಹೊರಟ ಲಾಂಚು ನಿಲ್ಲಿಸುತ್ತಿದ್ದವಳು. ಕೇಳಿದರೆ ಪೂರ್ತಿ ಅವಳೇ. ಉಳಿಸಿಕೊಳ್ಳಬೇಕಾಗಿದ್ದ ದನಿ ಎಲ್ಲೋ ಮೂಲೆಯಲ್ಲಿ ಇಣುಕುತ್ತಿತ್ತು.

ಸೋತು ನಿನಗೆ ಫೋನು ಮಾಡಿದಾಗ "ನಾನು ಮೊದಲೇ ಹೇಳಿರ್ಲಿಲ್ವಾ" ಎಂದು ನೀನು ಅನ್ನಲಿಲ್ಲ. ಆ ಒಂದು ಮಾತು ಆಡದೆ ಇದ್ದದ್ದಕ್ಕೆ ನಿನಗೆ ನೂರು ವರ್ಷ ಆಯುಸ್ಸು. ಎರಡು ಮೈಕಿನ ಕಾರ್ಡಾದರೆ ಒಬ್ಬೊಬ್ಬರ ದನಿ ಬೇರೆ ಬೇರೆ ಸಾಲಿನಲ್ಲಿ, ಅಂದರೆ ಟ್ರ್ಯಾಕಿನಲ್ಲಿ, ಕೂರುತ್ತದೆ, ಒಂದನ್ನು ಏರಿಸಬಹುದು, ಇನ್ನೊಂದನ್ನು ಇಳಿಸಬಹುದು, ಬೇಡವಾದರೆ ತೆಗೆದೂ ಹಾಕಬಹುದು ಎಂದು ಮತ್ತೆ ಹೇಳಿದೆ. ಬೆಳಗಿನ ಬಸ್ಸಿಗೇ ತೀರ್ಥಹಳ್ಳಿಗೆ ಹೋದೆ. ಆ ಪುಣ್ಯಾತ್ಮ ತೀರ್ಥೇಶ ಮುಖ ಗಂಟು ಹಾಕದೆ ಕಾರ್ಡು ಬದಲಿಸಿ ಕೊಟ್ಟ, ಕಾಫಿ ಕುಡಿಸಿದ, ತನ್ನದೇ ಇನ್ನೊಂದು ಮೈಕನ್ನು, "ಅಜ್ಜಿ ಹಾಡು ಮುಗಿದ್ಮೇಲೆ ತಂದ್ಕೊಡಿ, ಅವಸರ ಎಂತದೂ ಇಲ್ಲ" ಎಂದು ಚೀಲಕ್ಕೆ ಹಾಕಿದ. ಅವನ ಉಪಕಾರವನ್ನೂ ನೆನಪಿಟ್ಟುಕೋ, ಮುಂದಿನ ಸಲ ಬಂದಾಗ ಅವನಿಗೆ ಅಸ್ಸಾಮಿನ ಚಹಾಪುಡಿ ತಾ.

ನಾನು ಮನೆಗೆ ಬರುವಷ್ಟರಲ್ಲಿ ಊರಿಗೆ ಮರಳಿದ್ದ ಪುಷ್ಪಮ್ಮನಿಗೆ ಜ್ವರ. ಗಂಟುಗಂಟು ನೋವು, ಹಾಸಿಗೆ ಬಿಟ್ಟು ಏಳುವ ಹಾಗಿಲ್ಲವೆಂದು ಅವಳ ಮನೆಯಿಂದ ಫೋನು. ಮಾರನೆಯ ದಿನ ಅಜ್ಜಿ ಆಸ್ಪತ್ರೆ ಸೇರಬೇಕು. ನಿನ್ನಮ್ಮನನ್ನು ಎದುರು ಕೂರಿಸೋಣವೆಂದರೆ ಅವಳಿಗೆ ಪದ ಬಾರದು, ಮನೆಯಲ್ಲಿ ಕಲಿತವಳು ನೀನೊಬ್ಬಳು, ನೀನು ಅಲ್ಲಿ. ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು. ತಲೆ ಎತ್ತದೆ, "ಬಿಡಿ ಅತ್ಲಾಗೆ, ಪದ ನನ್ ಸಂಗ್ಡಾನೇ ಹೋಗ್ಲಿ" ಎಂದಳು. ನನಗೆ ತಡೆಯಲಾಗಲಿಲ್ಲ ಮಗಾ. ಎದ್ದು ಹೋಗಿ ಎರಡನೆಯ ಮೈಕಿನ ಮುಂದೆ ಕೂತುಬಿಟ್ಟೆ. ಗಂಡಸರು ಹಸೆ ಪದಕ್ಕೆ ಬಾಯಿ ಹಾಕಿದ್ದನ್ನು ನಮ್ಮ ಕೇರಿಯಲ್ಲಿ ಯಾರೂ ಕಂಡವರಿಲ್ಲ. ಅಜ್ಜಿ, "ಎಂತ, ನಿಮ್ಗೆ ಬ್ಯಾರೆ ಕೆಲ್ಸ ಇಲ್ವಾ?" ಎಂದಳು. ಇಲ್ಲವೆಂದೆ.

ಕೋಣನ ಮುಂದೆ ಕಿನ್ನರಿ ಬಾರಿಸುವುದು ಕೇಳಿದ್ದೀ, ಆವತ್ತು ಕೋಣವೇ ಕಿನ್ನರಿ ಬಾರಿಸಿತು. ಮೊದಲ ಪದಕ್ಕೇ ಪಕ್ಕದ ಮನೆಯ ವರದಾ ಕಾಂಪೌಂಡಿನಾಚೆಯಿಂದ, "ಕೆರಿಯಪ್ಪಣ್ಣ, ಹುಷಾರಿದ್ದೀರಾ?" ಎಂದು ಕೂಗಿದಳು, ಅದೂ ರೆಕಾರ್ಡ್ ಆಗಿದೆ. ಅಜ್ಜಿ ನಕ್ಕು ನಕ್ಕು ಮತ್ತೆ ಮೊದಲಿಂದ ಶುರುಮಾಡಿದಳು. ಆದರೆ ಪದಗಳು ನನಗೆ ಬರುತ್ತಿದ್ದವು ಕಣೇ! ಕಲಿತದ್ದು ಯಾವಾಗಲೋ ನನಗೇ ತಿಳಿಯದು. ಅವಳು ಸಾಲಿನ ಕೊನೆಗೆ ಬಂದಾಗ ನನ್ನ ಬಾಯಿ ತಾನಾಗಿ ತೆರೆಯುತ್ತಿತ್ತು. ಕೈ ಸುಮ್ಮನಿದ್ದರೆ ಪದ ಬಾರದೆಂದು ಅವಳು ಬೆಳ್ಳುಳ್ಳಿ ಬಿಡಲೇ ಇಲ್ಲ, ಆ ಸಿಪ್ಪೆಯ ಸಪ್ಪಳ ಉದ್ದಕ್ಕೂ ಕೇಳುತ್ತದೆ, ಕಾರ್ಡು ಕೆಟ್ಟಿದೆ ಅಂದುಕೊಳ್ಳಬೇಡ. ಎಣ್ಣೆ ಶಾಸ್ತ್ರದಿಂದ ಹಿಡಿದು ಹೆಣ್ಣು ಒಪ್ಪಿಸುವ ಪದದವರೆಗೆ ಎಲ್ಲ ಹೇಳಿದಳು. ಒಪ್ಪಿಸುವ ಪದಕ್ಕೆ ನಾನು ಎತ್ತಿಕೊಳ್ಳುವ ಬದಲು ಕಣ್ಣು ಒರೆಸಿಕೊಂಡೆ. ಅವಳು ಕಾಯ್ದಳು, ನಾನು ಸುಧಾರಿಸಿಕೊಂಡು ಎತ್ತಿಕೊಂಡೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅಷ್ಟು ಹೊತ್ತು ಎದುರುಬದುರು ಕೂತದ್ದೇ ಇರಲಿಲ್ಲ. ನಿನ್ನಿಂದಾಗಿ ಅದೂ ಒಂದು ಸಿಕ್ಕಿತು.

ಈಗ ನಿನ್ನ ಕೆಲಸ. ಪ್ರತಿ ಪದಕ್ಕೂ ಎರಡು ಸಾಲುಗಳಿವೆ, ಒಂದರಲ್ಲಿ ಅಜ್ಜಿ, ಇನ್ನೊಂದರಲ್ಲಿ ನಾನು. ನನ್ನದನ್ನು ಧಾರಾಳವಾಗಿ ತೆಗೆದು ಬಿಸಾಡಿ ಆ ಜಾಗದಲ್ಲಿ ನೀನು ಹಾಡಿ ಸೇರಿಸು. ಅಜ್ಜಿಗೆ ತಕ್ಕ ಜೋಡಿ ನಿನ್ನದೇ ದನಿ. ನನ್ನದು ಬರೀ ಊರುಗೋಲು, ಅವಳು ನಡೆದಾಯಿತು. ಇಷ್ಟನ್ನೂ ಬರೆಯುತ್ತಾ ಅವಳಿಗೆ ಓದಿ ಹೇಳುತ್ತಿದ್ದೇನೆ, ಇಲ್ಲಿಗೆ ಬಂದಾಗ ಕೈ ಬೀಸಿ ಏನೋ ಸನ್ನೆ ಮಾಡಿದಳು. ನೀರು ಬೇಕೇನೋ ಎಂದು ತಂದುಕೊಟ್ಟರೆ ಹಣೆ ಚಚ್ಚಿಕೊಂಡಳು.

ಅಪ್ಪ ಅಮ್ಮ ನಿನ್ನನ್ನು ಕೇಳಿದ್ದಾರೆ, ಪುಷ್ಪಮ್ಮನ ಜ್ವರ ಇಳಿದಿದೆ, ವರದಾಗೆ ನನ್ನನ್ನು ಕಂಡರೆ ಇನ್ನೂ ನಗು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಗಂಟಲಿಗೆ ಯಾರ ದೃಷ್ಟಿಯೂ ತಾಗದಿರಲಿ, ನೀನು ಕಲಿಸುವ ಮಕ್ಕಳ ಬಾಯಲ್ಲಿ ನಿನ್ನ ಹಾಡು ಬೆಳೆಯಲಿ ಎಂದು ಇಬ್ಬರೂ ಹರಸುತ್ತೇವೆ.

ನಿನ್ನ ಪ್ರೀತಿಯ ಅಜ್ಜ,
ಕೆರಿಯಪ್ಪ

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ಆದದ್ದು. ಅಂಚೆಗೆ ಹಾಕುವ ಮೊದಲು ಡಾಕ್ಟರ ಹತ್ತಿರ ಹೋದೆವು, ಅಲ್ಲಿಯ ಬೆಂಚಿನ ಮೇಲೇ ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೇಸರಿಸಬೇಡ. ಅವರು ನೋಡಿ, ಮೆಲ್ಲಗೆ ನಿಮ್ಮ ಹೆಸರು ಹೇಳಿ ಎಂದರು. ಮೊದಲು ಬರೀ ಗಾಳಿ ಬಂತು. ನಾನು ಗೋಡೆ ಕಡೆ ತಿರುಗಿಕೊಂಡೆ. ಆಮೇಲೆ ದನಿ ಬಂತು ಮಗಾ! ಒಡಕು ದನಿ, ಕೆಳಗಿನ ದನಿ, ಆದರೆ ಅವಳದ್ದೇ. ಹೆಸರು ಹೇಳಲಿಲ್ಲ. ನನ್ನ ಅಂಗಿ ಜಗ್ಗಿ ಹೇಳಿದ್ದು ಇಷ್ಟು: "ಲಿಖಿತಂಗೆ ಬರೀರಿ, ನಿಮ್ ದನಿ ತೆಗೀಬ್ಯಾಡ ಅಂತ." ತೆಗೆಯಬೇಡ. ನಿನ್ನದನ್ನು ಮೂರನೆಯ ಸಾಲಿನಲ್ಲಿ ಕೂರಿಸು.